ಬಿಸಿಲಿನ ನಕ್ಷೆ, ಹೊಗೆಯ ಲೆಕ್ಕ



ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಪೋರ್ಟ್‌ಲ್ಯಾಂಡ್ ಜಿಟಿಜಿಟಿ ಮಳೆಗೆ, ತಂಪು ಹವೆಗೆ ಹೆಸರಾದ ನಗರ. 2021ರ ಜೂನ್ 28ರಂದು ಅಲ್ಲಿನ ಉಷ್ಣತೆ 46.7 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಹವಾಮಾನ ದಾಖಲೆ ಇಡಲು ಶುರುಮಾಡಿದಂದಿನಿಂದ ಆ ಊರು ಕಂಡ ಅತಿ ದೊಡ್ಡ ಬಿಸಿಲು ಅದು. ಅದೇ ದಿನ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಭಾರತೀಯ ಮೂಲದ ವಿವೇಕ್ ಶಾಂದಾಸ್ ಉಷ್ಣಮಾಪಕ ಹಿಡಿದು ಕಾರಿನಲ್ಲಿ ಊರು ಸುತ್ತಿದರು. ಪೂರ್ವ ದಿಕ್ಕಿನ ಲೆಂಟ್ಸ್ ಎಂಬ ಬಡಾವಣೆಯಲ್ಲಿ ಗಾಳಿಯ ಬಿಸಿ 51 ಡಿಗ್ರಿ. ಕಾಡಿನ ಮಗ್ಗುಲಲ್ಲಿರುವ ವಿಲಾಮೆಟ್ ಹೈಟ್ಸ್‌ನಲ್ಲಿ 37 ಡಿಗ್ರಿ. ಒಂದೇ ಊರು, ಒಂದೇ ದಿನ, ನಡುವೆ 14 ಡಿಗ್ರಿ ಅಂತರ.

ಲೆಂಟ್ಸ್‌ನಲ್ಲಿ ಬಾಡಿಗೆದಾರರು ಹೆಚ್ಚು, ಮರಗಳು ಕಡಿಮೆ, ಪಕ್ಕದಲ್ಲೇ ಹೆದ್ದಾರಿ. ವಿಲಾಮೆಟ್ ಹೈಟ್ಸ್ ಉಳ್ಳವರ ಬೀದಿ, ದೊಡ್ಡ ದೊಡ್ಡ ಮರಗಳ ನೆರಳು. ಆ ಕೆಲವೇ ದಿನಗಳ ಸೆಕೆಗೆ ಪೋರ್ಟ್‌ಲ್ಯಾಂಡ್ ಇರುವ ಮಲ್ಟ್‌ನೋಮಾ ಕೌಂಟಿ ಒಂದರಲ್ಲೇ ಸುಮಾರು 70 ಮಂದಿ ಸತ್ತರು. ಹೆಚ್ಚಿನವರು ವಯಸ್ಸಾದವರು, ಒಂಟಿಯಾಗಿದ್ದವರು, ಮನೆಯಲ್ಲಿ ಹವಾನಿಯಂತ್ರಣ ಯಂತ್ರ ಇಲ್ಲದವರು. ಊರಿನ ಅಧಿಕೃತ ಉಷ್ಣತೆ ಎಂದು ಸುದ್ದಿಯಲ್ಲಿ ಓದುವ ಒಂದೇ ಒಂದು ಅಂಕಿ ಈ ಅಂತರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದನ್ನು ಹೇಳಬೇಕಾದರೆ ಬೀದಿ ಬೀದಿಯಲ್ಲೂ ಅಳೆಯಬೇಕು, ಅಳೆದದ್ದನ್ನು ನಕ್ಷೆಯ ಮೇಲೆ ಇಡಬೇಕು. ಅಂಥ ನಕ್ಷೆಗಳನ್ನು ಯಾರು ಮಾಡಿದರು, ಅವುಗಳಿಂದ ಏನು ಬದಲಾಯಿತು ಎಂಬುದು ಇವತ್ತಿನ ಮಾತು.

ಮೊದಲಿಗೆ ಒಂದೇ ಊರಿನೊಳಗೆ ಇಷ್ಟು ವ್ಯತ್ಯಾಸ ಯಾಕೆ ಎಂಬುದನ್ನು ನೋಡಬೇಕು. ಡಾಂಬರು, ಕಾಂಕ್ರೀಟು, ಇಟ್ಟಿಗೆ ಇವೆಲ್ಲ ಹಗಲಿಡೀ ಬಿಸಿಲನ್ನು ಕುಡಿಯುತ್ತವೆ. ಒಲೆ ಆರಿಸಿದ ಮೇಲೂ ದೋಸೆ ಕಾವಲಿ ಕಾವು ಬಿಡುವಂತೆ ಸೂರ್ಯ ಮುಳುಗಿದ ಮೇಲೂ ಗಂಟೆಗಟ್ಟಲೆ ಅದನ್ನು ಹೊರಗೆ ಬಿಡುತ್ತಿರುತ್ತವೆ. ಮರ ಇದಕ್ಕೆ ಎರಡು ರೀತಿಯಲ್ಲಿ ತಡೆ ಒಡ್ಡುತ್ತದೆ. ನೆರಳು ಕೊಟ್ಟು ನೆಲ ಕಾಯದಂತೆ ನೋಡಿಕೊಳ್ಳುತ್ತದೆ, ಬೇರಿನಿಂದ ಎಳೆದ ನೀರನ್ನು ಎಲೆಗಳಿಂದ ಆವಿಯಾಗಿಸಿ ಗಾಳಿಯನ್ನು ತಂಪು ಮಾಡುತ್ತದೆ. ಮರವಿಲ್ಲದ, ಡಾಂಬರು ತುಂಬಿದ ಬೀದಿಯಲ್ಲಿ ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಹಗಲಲ್ಲಿ ಬಳಲಿದ ದೇಹ ಚೇತರಿಸಿಕೊಳ್ಳುವುದು ರಾತ್ರಿಯ ತಂಪಿನಲ್ಲಿ. ಆ ತಂಪು ಸತತ ಎರಡು ಮೂರು ರಾತ್ರಿ ಸಿಗದೆ ಹೋದರೆ ವಯಸ್ಸಾದವರ ಹೃದಯ, ಮೂತ್ರಪಿಂಡಗಳ ಮೇಲೆ ಹೊರೆ ಏರುತ್ತಾ ಹೋಗುತ್ತದೆ. 1995ರ ಜುಲೈನಲ್ಲಿ ಷಿಕಾಗೊ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಜೀವ ಬಿಟ್ಟಾಗ ಇಂಥ ರಾತ್ರಿಗಳದ್ದೂ ಅದರಲ್ಲಿ ದೊಡ್ಡ ಪಾಲಿತ್ತು.

ಇದು ಭೌತವಿಜ್ಞಾನ. ಯಾವ ಬೀದಿಗೆ ಮರ ಬಂತು, ಯಾವ ಬೀದಿಗೆ ಹೆದ್ದಾರಿ ಬಂತು ಎಂಬುದು ಮಾತ್ರ ಜನ ಮಾಡಿದ ತೀರ್ಮಾನ.

ಅದನ್ನು ಸ್ಪಷ್ಟವಾಗಿ ತೋರಿಸಿದ ಊರು ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಅಮೆರಿಕದ ಸರ್ಕಾರ ಮನೆಸಾಲಗಳನ್ನು ಉಳಿಸಲೆಂದು 1933ರಲ್ಲಿ ಒಂದು ನಿಗಮ ಕಟ್ಟಿತು. ಆ ನಿಗಮ 200ಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ, ಸಾಲ ಕೊಡಲು ಎಷ್ಟು ಸುರಕ್ಷಿತ ಎಂದು ಒಂದೊಂದು ಬಡಾವಣೆಗೂ ಬಣ್ಣ ಹಚ್ಚಿಸಿತು. ಉತ್ತಮ ಎನಿಸಿದ್ದಕ್ಕೆ ಹಸಿರು, ಆಮೇಲೆ ನೀಲಿ, ಹಳದಿ, ಕೊನೆಗೆ ಅಪಾಯಕಾರಿ ಎಂದು ಕೆಂಪು. ಆ ಬಣ್ಣ ನಿಗದಿಯಾಗುವಾಗ ಮನೆಯ ಗಟ್ಟಿತನದ ಜೊತೆಗೆ ಅಲ್ಲಿ ಯಾರಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು. ಕಪ್ಪು ಜನ ನೆಲೆಸಿದ ಬಡಾವಣೆ ಎಂದರೆ ಬಹುತೇಕ ಕೆಂಪೇ. ತಾರತಮ್ಯ ಈ ನಕ್ಷೆಗಳಿಂದಲೇ ಹುಟ್ಟಿತು ಎನ್ನುವಂತಿಲ್ಲ. ಆಗಲೇ ಇದ್ದ ತಾರತಮ್ಯಕ್ಕೆ ಅವು ಸರ್ಕಾರದ ಮೊಹರು ಒತ್ತಿದವು. ಸಾಲ ಸಿಗದ ಕಡೆ ಮನೆ ರಿಪೇರಿಯಾಗಲಿಲ್ಲ, ಆಸ್ತಿಯ ಬೆಲೆ ಏರಲಿಲ್ಲ, ಉದ್ಯಾನ ಬರಲಿಲ್ಲ. ಹೆದ್ದಾರಿಗೆ, ಕಾರ್ಖಾನೆಗೆ ಜಾಗ ಬೇಕಾದಾಗ ಅಗ್ಗವಾಗಿ ಸಿಕ್ಕಿದ್ದು ಆ ನೆಲವೇ.

ರಿಚ್ಮಂಡ್‌ನ ಜಾಕ್ಸನ್ ವಾರ್ಡ್ ಒಂದು ಕಾಲಕ್ಕೆ ಕಪ್ಪು ಜನರ ವ್ಯಾಪಾರ, ಸಂಗೀತ, ಬ್ಯಾಂಕುಗಳಿಂದ ಗಿಜಿಗುಡುತ್ತಿದ್ದ ಕೇರಿ. ಮ್ಯಾಗಿ ಲೀನಾ ವಾಕರ್ ಎಂಬ ಕಪ್ಪು ಮಹಿಳೆ 1903ರಲ್ಲಿ ಬ್ಯಾಂಕ್ ತೆರೆದದ್ದು ಇಲ್ಲೇ. ಅಮೆರಿಕದಲ್ಲಿ ಬ್ಯಾಂಕ್ ಸ್ಥಾಪಿಸಿದ ಮೊದಲ ಕಪ್ಪು ಮಹಿಳೆ ಅವರು. 1950ರ ದಶಕದಲ್ಲಿ ಹೊಸ ಹೆದ್ದಾರಿ ಈ ಕೇರಿಯನ್ನು ಎರಡು ಹೋಳು ಮಾಡಿತು. ನೂರಾರು ಮನೆಗಳು ನೆಲಸಮವಾದವು. ಹೆದ್ದಾರಿಯ ಉತ್ತರಕ್ಕೆ ಉಳಿದುಹೋದ ಗಿಲ್ಪಿನ್ ಇಂದು ಬಡವರ ಸರ್ಕಾರಿ ವಸತಿಗಳಿರುವ, ಮರಗಳು ಅಪರೂಪವಾದ ಜಾಗ. ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಸಂಶೋಧಕರು ಆಯುಷ್ಯದ ನಕ್ಷೆ ಬರೆದಾಗ ಗಿಲ್ಪಿನ್‌ಗೂ ಕೆಲವೇ ಕಿಲೋಮೀಟರ್ ದೂರದ ವೆಸ್ಟೋವರ್ ಹಿಲ್ಸ್‌ಗೂ ಸರಾಸರಿ ಆಯುಷ್ಯದಲ್ಲಿ ಸುಮಾರು 20 ವರ್ಷಗಳ ಅಂತರ ಕಂಡುಬಂತು.

2017ರ ಜುಲೈನಲ್ಲಿ ವರ್ಜೀನಿಯಾ ವಿಜ್ಞಾನ ವಸ್ತುಸಂಗ್ರಹಾಲಯದ ಜೆರೆಮಿ ಹಾಫ್‌ಮನ್ ಈ ಊರಿನ ಸೆಕೆಯನ್ನು ಅಳೆಯಲು ಹೊರಟರು. ಶಾಂದಾಸ್ ಪೋರ್ಟ್‌ಲ್ಯಾಂಡ್‌ನಲ್ಲಿ ರೂಢಿಗೆ ತಂದಿದ್ದ ವಿಧಾನವೇ ಇಲ್ಲೂ ಬಳಕೆಯಾಯಿತು. ಕಾರಿನ ಕಿಟಕಿಗೆ ಸಿಕ್ಕಿಸುವ ಒಂದು ಸಣ್ಣ ಸಂವೇದಕ ಪ್ರತಿ ಸೆಕೆಂಡಿಗೂ ಗಾಳಿಯ ಉಷ್ಣತೆ ಅಳೆಯುತ್ತದೆ, ಜೊತೆಗಿರುವ ಜಿಪಿಎಸ್ ಅಳೆದ ಜಾಗವನ್ನು ಗುರುತು ಹಾಕಿಕೊಳ್ಳುತ್ತದೆ. ಸ್ವಯಂಸೇವಕರು ಬೆಳಿಗ್ಗೆ, ನಡು ಮಧ್ಯಾಹ್ನ, ಸಂಜೆ, ಹೀಗೆ ಮೂರು ಹೊತ್ತು ಗೊತ್ತಾದ ದಾರಿಗಳಲ್ಲಿ ಗಾಡಿ ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ಊರಿನ ಅತಿ ಬಿಸಿ ಜಾಗಕ್ಕೂ ಅತಿ ತಂಪು ಜಾಗಕ್ಕೂ ಹತ್ತಿರ ಹತ್ತಿರ 9 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇತ್ತು.

ಅದೇ ರಿಚ್ಮಂಡ್‌ನ ವಿಶ್ವವಿದ್ಯಾಲಯವೊಂದು 1930ರ ದಶಕದ ಆ ಬಣ್ಣದ ನಕ್ಷೆಗಳನ್ನು ಡಿಜಿಟಲ್ ರೂಪಕ್ಕೆ ತಂದು 2016ರಲ್ಲಿ ಎಲ್ಲರಿಗೂ ತೆರೆದಿಟ್ಟಿತ್ತು. ಹಾಫ್‌ಮನ್ ಸೆಕೆಯ ನಕ್ಷೆಯನ್ನು ಹಳೆಯ ಸಾಲದ ನಕ್ಷೆಯ ಮೇಲಿಟ್ಟು ನೋಡಿದರು. ಎಂಟು ದಶಕಗಳ ಹಿಂದೆ ಕೆಂಪು ಹಚ್ಚಿದ ಜಾಗಗಳೇ ಇಂದಿಗೂ ಹೆಚ್ಚು ಕಾಯುತ್ತಿದ್ದವು.

ಇದು ಒಂದೇ ಊರಿನ ಆಕಸ್ಮಿಕ ಇರಬಹುದೇ? ಆ ಸಂದೇಹ ಪರಿಹರಿಸಲು ಹಾಫ್‌ಮನ್, ಶಾಂದಾಸ್ ಮತ್ತು ನಿಕೋಲಸ್ ಪೆಂಡಲ್ಟನ್ ಅಮೆರಿಕದ 108 ನಗರಗಳ ಉಪಗ್ರಹ ಮಾಹಿತಿಯನ್ನು ಜಾಲಾಡಿದರು. 2020ರ ಜನವರಿಯಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ನೂರಕ್ಕೆ 94 ನಗರಗಳಲ್ಲಿ ಕೆಂಪು ಬಡಾವಣೆಗಳ ನೆಲ ಉಳಿದ ಬಡಾವಣೆಗಳ ನೆಲಕ್ಕಿಂತ ಬಿಸಿ. ದೇಶದ ಸರಾಸರಿ ಅಂತರ 2.6 ಡಿಗ್ರಿ, ಕೆಲವು ಕಡೆ 7 ಡಿಗ್ರಿಯವರೆಗೆ. ಇಲ್ಲಿ ಒಂದು ಎಚ್ಚರ ಬೇಕು. ಉಪಗ್ರಹ ಕಾಣುವುದು ನೆಲದ, ಚಾವಣಿಯ ಮೇಲ್ಮೈ ಬಿಸಿಯನ್ನು. ಮನುಷ್ಯ ಉಸಿರಾಡುವ ಎತ್ತರದ ಗಾಳಿ ಅಷ್ಟೇ ಬಿಸಿ ಇರಬೇಕೆಂದಿಲ್ಲ. ಆದ್ದರಿಂದಲೇ ಆಕಾಶದಿಂದ ಬಂದ ಚಿತ್ರದ ಜೊತೆಗೆ ಬೀದಿಯಲ್ಲಿ ಓಡಾಡಿ ಅಳೆದ ಅಂಕಿಯೂ ಬೇಕಾಗುತ್ತದೆ.

ಈಗ ಸೆಕೆಯಿಂದ ಹೊಗೆಯ ಕಡೆಗೆ ಬರೋಣ.

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ದೊಡ್ಡ ಬಂದರು. ಅದರ ಮಗ್ಗುಲಿಗೆ ವೆಸ್ಟ್ ಓಕ್ಲೆಂಡ್ ಎಂಬ ಬಡಾವಣೆ. ಮೂರು ಕಡೆ ಹೆದ್ದಾರಿ, ಒಂದು ಕಡೆ ಹಡಗು, ಕಂಟೇನರು, ರೈಲು ಯಾರ್ಡು, ಡೀಸೆಲ್ ಲಾರಿ. ಇಲ್ಲಿ ತಲೆಮಾರುಗಳಿಂದ ಬದುಕಿದವರು ಹೆಚ್ಚಾಗಿ ಕಪ್ಪು ಜನ. ಓಕ್ಲೆಂಡ್‌ನ ಎರಡು ಹೆದ್ದಾರಿಗಳ ಕಥೆ ಕೇಳಿದರೆ ಪರಿಸರ ನ್ಯಾಯ ಎಂಬ ಮಾತಿಗೆ ಬೇರೆ ವಿವರಣೆ ಬೇಕಾಗದು. ಗುಡ್ಡದ ಬುಡದಲ್ಲಿ, ಸ್ಥಿತಿವಂತರ ಮನೆಗಳ ಬಳಿ ಹಾದುಹೋಗುವ 580ನೇ ಹೆದ್ದಾರಿಯಲ್ಲಿ ನಾಲ್ಕೂವರೆ ಟನ್‌ಗಿಂತ ಭಾರದ ಲಾರಿಗಳು ಓಡುವಂತಿಲ್ಲ. ದಶಕಗಳಿಂದ ಇರುವ ನಿಷೇಧ ಇದು. ಹಾಗಾದರೆ ಆ ಲಾರಿಗಳೆಲ್ಲ ಎಲ್ಲಿ ಓಡಬೇಕು? ತಗ್ಗಿನಲ್ಲಿ, ಬಡ ಬಡಾವಣೆಗಳ ಅಂಚಿನಲ್ಲಿ ಸಾಗುವ 880ನೇ ಹೆದ್ದಾರಿಯಲ್ಲಿ.

1989ರ ಭೂಕಂಪದಲ್ಲಿ ವೆಸ್ಟ್ ಓಕ್ಲೆಂಡ್‌ನ ನಡುವೆ ಹಾದಿದ್ದ ಎರಡಂತಸ್ತಿನ ಹೆದ್ದಾರಿ ಕುಸಿದು 42 ಜನ ಸತ್ತರು. ಅದೇ ಜಾಗದಲ್ಲಿ ಮತ್ತೆ ಕಟ್ಟಬೇಡಿ ಎಂದು ಅಲ್ಲಿಯ ಜನ ಪಟ್ಟು ಹಿಡಿದರು, ಗೆದ್ದರು. ಹೆದ್ದಾರಿ ಬಡಾವಣೆಯ ಅಂಚಿಗೆ ಸರಿಯಿತು. ಹಳೆಯ ಜಾಗದಲ್ಲಿ ಮರಗಳ ಸಾಲಿರುವ ರಸ್ತೆ ಬಂತು, ಅದಕ್ಕೆ ನೆಲ್ಸನ್ ಮಂಡೇಲಾ ಅವರ ಹೆಸರಿಟ್ಟರು. ಆದರೂ ಒಳರಸ್ತೆಗಳಲ್ಲಿ ಲಾರಿ ಕಾಟ ತಪ್ಪಲಿಲ್ಲ. ಮಾರ್ಗರೆಟ್ ಗಾರ್ಡನ್ ಮತ್ತು ಬ್ರಯಾನ್ ಬೆವರಿಜ್ ಕಟ್ಟಿದ ನಿವಾಸಿಗಳ ಸಂಘಟನೆ ಲಾರಿಗಳನ್ನು ಎಣಿಸುವ ಕೆಲಸಕ್ಕೆ ಇಳಿಯಿತು. ಯಾವ ಬೀದಿಯಲ್ಲಿ ಎಷ್ಟು ಲಾರಿ, ಎಷ್ಟು ಹೊತ್ತು ಇಂಜಿನ್ ಆರಿಸದೆ ನಿಂತಿರುತ್ತವೆ ಎಂದು ನಿವಾಸಿಗಳೇ ಬೀದಿಯಲ್ಲಿ ನಿಂತು ಬರೆದುಕೊಂಡರು. ಆ ಲೆಕ್ಕ ಕೈಯಲ್ಲಿದ್ದುದರಿಂದ ನಗರಾಡಳಿತದ ಎದುರು ಅವರ ಮಾತಿಗೆ ತೂಕ ಬಂತು. ಭಾರೀ ಲಾರಿಗಳಿಗೆ ಪ್ರತ್ಯೇಕ ಮಾರ್ಗ ಗೊತ್ತುಮಾಡಲಾಯಿತು. 2007ರಲ್ಲಿ ಮಾರ್ಗರೆಟ್ ಗಾರ್ಡನ್ ಅವರೇ ಬಂದರು ಮಂಡಳಿಯ ಸದಸ್ಯೆಯಾದರು. 2010ರ ಹೊತ್ತಿಗೆ ಕ್ಯಾಲಿಫೋರ್ನಿಯಾ ಸರ್ಕಾರ ಬಂದರುಗಳಿಂದ ಹಳೆಯ ಡೀಸೆಲ್ ಲಾರಿಗಳನ್ನು ಹೊರಗಿಟ್ಟಿತು. ಅದಕ್ಕೆ ಮುಂಚೆಯೂ ಆಮೇಲೂ ಬರ್ಕಲಿಯ ವಿಜ್ಞಾನಿಗಳು ಅಲ್ಲಿನ ಲಾರಿಗಳ ಹೊಗೆ ಅಳೆದಿದ್ದರು. ಲಾರಿಯೊಂದು ಉಗುಳುವ ಮಸಿ ಸರಾಸರಿ ಅರ್ಧದಷ್ಟು ಇಳಿದಿತ್ತು.

2015ರಿಂದ 2016ರವರೆಗೆ ಒಂದು ವರ್ಷ ಬೀದಿಗಳ ಚಿತ್ರ ತೆಗೆಯುವ ಎರಡು ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳು ಓಕ್ಲೆಂಡ್‌ನ ಬೀದಿಗಳಲ್ಲಿ ಓಡಾಡಿದವು. ಈ ಸಲ ಅವುಗಳ ಒಳಗೆ ಗಾಳಿ ಹೀರಿ ಪರೀಕ್ಷಿಸುವ ಉಪಕರಣಗಳಿದ್ದವು. ಮಸಿ, ನೈಟ್ರಿಕ್ ಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಇವು ಮೂರನ್ನೂ ಅಳೆಯುತ್ತಾ ಅವು ಸುಮಾರು 30 ಲಕ್ಷ ಅಂಕಿಗಳನ್ನು ಕಲೆಹಾಕಿದವು. ಸಂಶೋಧಕ ಜೋಶುವಾ ಆಪ್ಟೆ ಮತ್ತು ಸಂಗಡಿಗರು ಅದನ್ನೆಲ್ಲ ಸೋಸಿ 2017ರಲ್ಲಿ ರಸ್ತೆಯ ಪ್ರತಿ 30 ಮೀಟರಿಗೂ ಒಂದು ಅಂಕಿ ಸಿಗುವಂಥ ನಕ್ಷೆ ಕೊಟ್ಟರು. ಅಲ್ಲಿಯವರೆಗೆ ಇಡೀ ಊರಿಗೆ ಬೆರಳೆಣಿಕೆಯ ಮಾಪನ ಕೇಂದ್ರಗಳಷ್ಟೇ ಇದ್ದವು. ಹೊಸ ನಕ್ಷೆಯಲ್ಲಿ ಒಂದೇ ಬೀದಿಯ ಒಂದು ತುದಿಗೂ ಇನ್ನೊಂದು ತುದಿಗೂ ಮಾಲಿನ್ಯದಲ್ಲಿ ಹಲವು ಪಟ್ಟು ವ್ಯತ್ಯಾಸ ಕಾಣಿಸಿತು. ಒಂದು ಸಿಗ್ನಲ್, ಒಂದು ಗುಜರಿ ಅಂಗಡಿ, ಲಾರಿ ತಿರುಗುವ ಒಂದು ಮೂಲೆ ಸಾಕಾಗಿತ್ತು. 2017ರಲ್ಲಿ ಮತ್ತೊಂದು ತಂಡ ಮಸಿ ಅಳೆಯುವ 100 ಅಗ್ಗದ ಸಂವೇದಕಗಳನ್ನು 100 ದಿನಗಳ ಮಟ್ಟಿಗೆ ವೆಸ್ಟ್ ಓಕ್ಲೆಂಡ್ ಬಡಾವಣೆಯಲ್ಲಿ ಹರಡಿಟ್ಟಿತು. ಅವುಗಳಲ್ಲಿ ಹಲವು ನಿವಾಸಿಗಳ ಮನೆಗಳ ಹೊರಗೇ ಇದ್ದವು.

ಆ ವರ್ಷವೇ ಕ್ಯಾಲಿಫೋರ್ನಿಯಾ ಹೊಸ ಕಾನೂನು ತಂದಿತು. ಅತಿ ಹೆಚ್ಚು ಹೊಗೆ ಕುಡಿಯುವ ಬಡಾವಣೆಗಳನ್ನು ಗುರುತಿಸಬೇಕು, ಅಲ್ಲಿನ ಗಾಳಿಯನ್ನು ಅಳೆಯಬೇಕು, ನಿವಾಸಿಗಳ ಜೊತೆ ಕೂತು ಯೋಜನೆ ಮಾಡಬೇಕು. ಹಾಗೆ ಮೊದಲಿಗೆ ಆಯ್ಕೆಯಾದ ಬಡಾವಣೆಗಳಲ್ಲಿ ವೆಸ್ಟ್ ಓಕ್ಲೆಂಡ್ ಒಂದು. 2019ರಲ್ಲಿ ಒಪ್ಪಿಗೆ ಪಡೆದ ಅದರ ಯೋಜನೆಯಲ್ಲಿ 80ಕ್ಕೂ ಹೆಚ್ಚು ಕ್ರಮಗಳಿವೆ. ಅದನ್ನು ವಾಯು ಗುಣಮಟ್ಟ ಇಲಾಖೆಯ ಜೊತೆ ಸರಿಸಮನಾಗಿ ಕೂತು ಬರೆದದ್ದು ಅದೇ ನಿವಾಸಿಗಳ ಸಂಘಟನೆ.

ಈ ಹಾದಿಗೆ ಹಿಂದೆಯೇ ಒಬ್ಬರು ಹೆಜ್ಜೆ ಇಟ್ಟಿದ್ದರು. 1979ರಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್ ನಗರದಲ್ಲಿ ಕಪ್ಪು ಜನರ ಬಡಾವಣೆಯೊಂದರ ಪಕ್ಕ ಕಸದ ಗುಂಡಿ ತೆರೆಯಲು ಹೊರಟಾಗ ವಕೀಲೆ ಲಿಂಡಾ ಮೆಕೀವರ್ ಬುಲ್ಲಾರ್ಡ್ ದಾವೆ ಹೂಡಿದರು. ಪುರಾವೆ ಹುಡುಕುವ ಕೆಲಸ ಅವರ ಪತಿ, ಸಮಾಜಶಾಸ್ತ್ರಜ್ಞ ರಾಬರ್ಟ್ ಬುಲ್ಲಾರ್ಡ್ ಅವರ ಪಾಲಿಗೆ ಬಂತು. ಕಂಪ್ಯೂಟರ್ ನಕ್ಷೆಗಳಿಲ್ಲದ ಕಾಲ ಅದು. ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳೆಯ ಕಡತಗಳನ್ನು ಕೆದಕಿ, ಹ್ಯೂಸ್ಟನ್‌ನಲ್ಲಿ ಕಸ ಎಲ್ಲೆಲ್ಲಿ ಹೋಗಿ ಬಿದ್ದಿದೆ ಎಂದು ಗುರುತು ಹಾಕಿದರು. ಊರಿನ ಜನಸಂಖ್ಯೆಯಲ್ಲಿ ಕಪ್ಪು ಜನ ನಾಲ್ಕನೇ ಒಂದು ಪಾಲು. ಆದರೆ ನಗರಾಡಳಿತದ ಐದಕ್ಕೆ ಐದೂ ಕಸದ ಗುಂಡಿಗಳು, ಎಂಟು ಸುಡುಕುಲುಮೆಗಳಲ್ಲಿ ಆರು, ಅವರ ಬಡಾವಣೆಗಳಲ್ಲೇ ಇದ್ದವು. ಮೊಕದ್ದಮೆ ಸೋತಿತು. ಆದರೂ ಈ ಕೆಲಸದಿಂದಲೇ ಪರಿಸರ ನ್ಯಾಯ ಎಂಬ ಅಧ್ಯಯನ ಶಾಖೆ ಬೆಳೆಯಿತು. ಬುಲ್ಲಾರ್ಡ್ ಅವರನ್ನು ಇಂದು ಅದರ ಪಿತಾಮಹ ಎನ್ನುತ್ತಾರೆ.

ಹ್ಯೂಸ್ಟನ್ನಿನ ಸೋಲು, ವೆಸ್ಟ್ ಓಕ್ಲೆಂಡ್‌ನ ಗೆಲುವು ಎರಡನ್ನೂ ಎದುರಿಗಿಟ್ಟುಕೊಂಡರೆ ಒಂದು ವಿಷಯ ಮನದಟ್ಟಾಗುತ್ತದೆ. ನಕ್ಷೆ ತಾನಾಗಿ ಏನನ್ನೂ ಬದಲಿಸುವುದಿಲ್ಲ. ಹೊಗೆ ಕುಡಿಯುವವರು, ಸೆಕೆಯಲ್ಲಿ ಬೇಯುವವರು ಅದನ್ನು ಹಿಡಿದು ಹಣ ಹಂಚುವ ಮೇಜಿನ ಮುಂದೆ ಕೂರುವಂತಾದರೆ ಅದು ಕೆಲಸ ಮಾಡುತ್ತದೆ. ಪೋರ್ಟ್‌ಲ್ಯಾಂಡ್‌ನಲ್ಲಿ 2018ರಲ್ಲೇ ಜನ ಮತ ಹಾಕಿ, ಭಾರೀ ವಹಿವಾಟಿನ ಚಿಲ್ಲರೆ ಮಾರಾಟ ಕಂಪನಿಗಳ ಮೇಲೆ ಶೇಕಡಾ 1ರ ಶುಲ್ಕ ಹೇರಿ ಹವಾಮಾನ ನಿಧಿ ಸ್ಥಾಪಿಸಿದ್ದರು. 2021ರ ಸಾವುಗಳ ನಂತರ ಆ ನಿಧಿಯಿಂದ ಕಡಿಮೆ ಆದಾಯದವರ ಮನೆಗಳಿಗೆ ತಂಪು ಯಂತ್ರ ಅಳವಡಿಸುವ ಕೆಲಸ ಶುರುವಾಯಿತು. ಬಾಡಿಗೆದಾರರು ಹವಾನಿಯಂತ್ರಣ ಯಂತ್ರ ಹಾಕಿಕೊಳ್ಳುವುದನ್ನು ಮನೆ ಮಾಲೀಕರು ಸುಮ್ಮಸುಮ್ಮನೆ ತಡೆಯದಂತೆ ಪೋರ್ಟ್‌ಲ್ಯಾಂಡ್ ಇರುವ ಆರೆಗಾನ್ ರಾಜ್ಯ 2022ರಲ್ಲಿ ಕಾನೂನು ಮಾಡಿತು. ರಿಚ್ಮಂಡ್ ನಗರಾಡಳಿತ ಬಿಸಿ ಬಡಾವಣೆಗಳಲ್ಲಿರುವ ತನ್ನದೇ ಖಾಲಿ ಜಾಗಗಳನ್ನು ಉದ್ಯಾನಗಳಿಗೆಂದು ಮೀಸಲಿಟ್ಟಿತು.

ನಕ್ಷೆಯ ಹಾದಿಯಲ್ಲಿ ಅಪಾಯಗಳೂ ಇವೆ. ಬಡ ಕೇರಿಗೆ ಮರ, ಉದ್ಯಾನ ಬಂದ ಮೇಲೆ ಬಾಡಿಗೆ ಏರಿ, ಮೊದಲಿನಿಂದ ಇದ್ದವರೇ ಜಾಗ ಖಾಲಿ ಮಾಡಬೇಕಾಗಿ ಬಂದ ಉದಾಹರಣೆಗಳು ಅಮೆರಿಕದ ನಗರಗಳಲ್ಲಿ ಉಂಟು. ನೆರಳಿನ ಯೋಜನೆ ಬಾಡಿಗೆದಾರರ ರಕ್ಷಣೆಯ ಜೊತೆಗೇ ಬರಬೇಕು. ಇನ್ನೊಂದು ಅಪಾಯ ಅಧಿಕಾರದ್ದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಒಂದು ಸಾರ್ವಜನಿಕ ನಕ್ಷೆಯನ್ನು ತೆರೆದಿಟ್ಟಿತ್ತು. ಯಾವ ಬಡಾವಣೆಯ ಮೇಲೆ ಎಷ್ಟು ಮಾಲಿನ್ಯದ ಹೊರೆ ಇದೆ, ಅಲ್ಲಿನ ಜನರ ಆದಾಯವೇನು ಎಂಬುದನ್ನು ಅದರಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. 2025ರ ಫೆಬ್ರವರಿಯಲ್ಲಿ ಹೊಸ ಸರ್ಕಾರ ಅದನ್ನು ತೆಗೆದುಹಾಕಿತು. ಅದರ ಪ್ರತಿಯನ್ನು ಮೊದಲೇ ಇಳಿಸಿಕೊಂಡಿದ್ದ ಸಂಶೋಧಕರು, ಸ್ವಯಂಸೇವಕರು ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಜನರಿಗೆ ಸಿಗುವಂತೆ ಮಾಡಿದರು.

ಇನ್ನು ನಮ್ಮ ಕಡೆಗೆ ಬಂದರೆ, 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿದ್ದವು. ಆ ಪೆಟ್ಟಿನಿಂದ ಪಾಠ ಕಲಿತ ಆ ಊರು 2013ರಲ್ಲಿ ಭಾರತದ ಮೊದಲ ನಗರಮಟ್ಟದ ಬಿಸಿಗಾಳಿ ಕ್ರಿಯಾಯೋಜನೆ ಜಾರಿಗೆ ತಂದಿತು. ಮುನ್ನೆಚ್ಚರಿಕೆ, ಆಸ್ಪತ್ರೆಗಳ ತಯಾರಿ, ಕೊಳೆಗೇರಿ ಮನೆಗಳ ಚಾವಣಿಗೆ ಬಿಸಿಲು ಹಿಂದಕ್ಕೆ ಚಿಮ್ಮಿಸುವ ಬಿಳಿ ಬಣ್ಣ, ಇವು ಅಲ್ಲಿಂದ ಬೇರೆ ಊರುಗಳಿಗೂ ಹರಡಿದವು. ಕರ್ನಾಟಕದಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗಳಿಗೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಯ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಾಗುತ್ತದೆ. ಕಚೇರಿಯ ನೌಕರರಿಗೆ ಸಿಕ್ಕ ಈ ರಿಯಾಯಿತಿ ಇಟ್ಟಿಗೆ ಭಟ್ಟಿಯ ಕೂಲಿಗೆ, ತಳ್ಳುಗಾಡಿಯವರಿಗೆ ಇಲ್ಲ.

ಓಕ್ಲೆಂಡ್‌ನ ವಿಧಾನ ಬೆಂಗಳೂರಿಗೂ ಬಂದಿದೆ. 2019ರಿಂದ ಸಿಸ್ಟೆಪ್ ಮತ್ತು ಐಎಲ್‌ಕೆ ಲ್ಯಾಬ್ಸ್ ಎಂಬ ಬೆಂಗಳೂರಿನ ಸಂಸ್ಥೆಗಳು ಆಪ್ಟೆ ಅವರ ತಂಡದ ಜೊತೆಗೂಡಿ ಉಪಕರಣ ತುಂಬಿದ ಕಾರನ್ನು ಮಲ್ಲೇಶ್ವರವೂ ಸೇರಿದಂತೆ ನಗರದ ರಸ್ತೆಗಳಲ್ಲಿ ಮತ್ತೆ ಮತ್ತೆ ಓಡಿಸಿ ಮಸಿ, ಸೂಕ್ಷ್ಮಕಣಗಳನ್ನು ಅಳೆದವು. ದೊಡ್ಡ ರಸ್ತೆಗಳ ಗಾಳಿಗೂ ಮನೆಗಳ ನಡುವಿನ ಒಳರಸ್ತೆಗಳ ಗಾಳಿಗೂ ಇರುವ ಅಂತರ ಆ ಅಂಕಿಗಳಲ್ಲಿ ಎದ್ದು ಕಂಡಿತು. ದೊಡ್ಡ ರಸ್ತೆಯ ಗಾಳಿಯಲ್ಲೇ ದಿನವಿಡೀ ನಿಂತಿರುವವರು ಪೌರಕಾರ್ಮಿಕರು, ಹೂವು ಹಣ್ಣು ಮಾರುವವರು, ಸಂಚಾರ ಪೊಲೀಸರು, ಆಟೊ ಚಾಲಕರು, ಊಟದ ಪೊಟ್ಟಣ ತಲುಪಿಸುವ ಹುಡುಗರು. ಅವರ ಶ್ವಾಸಕೋಶಕ್ಕೆ ಹೋಗುವ ಹೊಗೆ ಊರಿನ ಸರಾಸರಿ ಅಂಕಿಯಲ್ಲಿ ಕಾಣುವುದಿಲ್ಲ.

ಬೆಂಗಳೂರು 2023ರ ನವೆಂಬರಿನಲ್ಲಿ ತನ್ನ ಹವಾಮಾನ ಕ್ರಿಯಾಯೋಜನೆಯನ್ನು ಹೊರತಂದಿತು. 2025ರಲ್ಲಿ ನಗರದ ಆಡಳಿತ ಐದು ಪಾಲಿಕೆಗಳಾಗಿ ಒಡೆಯಿತು, ವಾರ್ಡುಗಳ ಗಡಿಗಳೂ ಹೊಸದಾಗಿ ನಿಗದಿಯಾದವು. ಈ ಹೊಸ ವಾರ್ಡ್ ನಕ್ಷೆಯ ಮೇಲೆ ನೆಲದ ಬಿಸಿ, ರಸ್ತೆಯ ಹೊಗೆ, ಮರಗಳ ಸಂಖ್ಯೆ, ತಗಡಿನ ಚಾವಣಿಯ ಮನೆಗಳು, ನೀರಿನ ನಲ್ಲಿಗಳು ಇವನ್ನೆಲ್ಲ ಒಂದರ ಮೇಲೊಂದು ಇಟ್ಟು ನೋಡುವುದು ಈಗ ಕಷ್ಟದ ಕೆಲಸವೇನಲ್ಲ. ಉಪಗ್ರಹ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಉಷ್ಣ ಸಂವೇದಕಗಳು ಅಗ್ಗವಾಗಿವೆ, ಅಳೆಯಲು ಕಾಲೇಜು ವಿದ್ಯಾರ್ಥಿಗಳಿದ್ದಾರೆ. ರಾತ್ರಿ ಯಾವ ಮನೆಯೊಳಗೆ ಮಲಗಲಾಗುವುದಿಲ್ಲ, ಯಾವ ಬಸ್ ನಿಲ್ದಾಣಕ್ಕೆ ನೆರಳಿಲ್ಲ, ಯಾವ ಶಾಲೆಯ ಗೇಟಿನ ಮುಂದೆ ಲಾರಿ ಇಂಜಿನ್ ಆರಿಸುವುದಿಲ್ಲ ಎಂಬುದನ್ನು ಹೇಳಬೇಕಾದವರು ಆ ವಾರ್ಡಿನ ಜನ. ವೆಸ್ಟ್ ಓಕ್ಲೆಂಡ್‌ನವರು ಲಾರಿ ಎಣಿಸಿದಂತೆ ಇವನ್ನು ಎಣಿಸಿ, ಪಾಲಿಕೆಯ ಬಜೆಟ್ ಸಿದ್ಧವಾಗುವ ಮುಂಚೆಯೇ ವಾರ್ಡ್ ಸಮಿತಿಯ ಮುಂದಿಟ್ಟರೆ, ಯಾವ ಬೀದಿಗೆ ಮೊದಲು ಸಸಿ, ಯಾವ ಚಾವಣಿಗೆ ಮೊದಲು ಬಿಳಿ ಬಣ್ಣ, ಯಾವ ರಸ್ತೆಯಿಂದ ಮೊದಲು ಲಾರಿ ಹೊರಗೆ ಎಂಬ ಪ್ರಶ್ನೆಗಳಿಗೆ ಹಣ ಹಂಚುವ ಹೊತ್ತಿನಲ್ಲೇ ಉತ್ತರ ಕೇಳಬಹುದು.